ಏಳು ಜನರ ಪಟ್ಟಿ, ಆರು ಜನರ ನಡಿಗೆ

ಮೊನ್ನೆ ಬೆಳಿಗ್ಗೆ ಶಿವಮೊಗ್ಗ ಸ್ಟೇಷನ್ನಿನಲ್ಲಿ ಇಳಿದವರು ಇನ್ನೂ ಸರಿಯಾಗಿ ಚೀಲ ಬಿಚ್ಚಿಲ್ಲ. ಅಷ್ಟರಲ್ಲಿ ಹತ್ತು ಜನ ಫೋನ್ ಮಾಡಿ ಕೇಳಿಯಾಯಿತು. ಯಾವ ಟ್ರಾವೆಲ್ಸ್? ಎಷ್ಟಾಯ್ತು? ಊಟಕ್ಕೆ ಏನು ಮಾಡಿದ್ರಿ? ಮಂಡಿನೋವು ಇದ್ದವರು ಹೋಗಬಹುದಾ? ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು. ಅದಕ್ಕೇ ಎಲ್ಲವನ್ನೂ ಒಂದು ಸಲ ಬರೆದಿಡುತ್ತಿದ್ದೇನೆ.

ನಾವು ಹೋದದ್ದು ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಸಿಯಾಕ್ಕೆ. ಅಲ್ಲಿ ‘ಕಮೀನೋ’ ಅಂತ ಒಂದು ಹಳೆಯ ಯಾತ್ರೆಯ ದಾರಿ ಇದೆ. ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬಿಕೆಯಿರುವ ಸಂತಿಯಾಗೊ ಊರಿಗೆ ಜನ ಸಾವಿರ ವರ್ಷದಿಂದ ನಡೆದು ಹೋಗುತ್ತಿದ್ದಾರೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಹಬ್ಬಕ್ಕೆ ಕಾಯುವುದಿಲ್ಲ, ವರ್ಷವಿಡೀ ನಡೆಯುತ್ತಾರೆ. 2024ರಲ್ಲಿ ನಡೆದು ಮುಗಿಸಿ ಪ್ರಮಾಣಪತ್ರ ತೆಗೆದುಕೊಂಡವರೇ ಹತ್ತಿರ ಹತ್ತಿರ 5 ಲಕ್ಷ. ಭಕ್ತಿಯಿಂದ ಹೋಗುವವರೂ ಇದ್ದಾರೆ, ಸುಮ್ನೆ ನಡೆಯುವ ಖುಷಿಗೆ ಹೋಗುವವರೂ ಇದ್ದಾರೆ. ನಾವು ಎರಡನೇ ಜಾತಿ.

ಶುರುವಾದದ್ದು ಹೋದ ವರ್ಷದ ಗಣೇಶ ಹಬ್ಬದಲ್ಲಿ, ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯ ಜಗಲಿಯಲ್ಲಿ. ಕಡುಬು ತಿಂದು ಎಲ್ಲರೂ ಕಾಲು ಚಾಚಿ ಕೂತಿದ್ದಾಗ ಅಕ್ಕನ ಮಗ ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಫ್ರಾನ್ಸ್ ಗಡಿಯಿಂದ ಸಂತಿಯಾಗೊವರೆಗೆ ಸುಮಾರು 780 ಕಿ.ಮೀ. “ದಿನಕ್ಕೆ 30 ಹೊಡೆದರೆ 26 ದಿನ, ಚಿಕ್ಕಮ್ಮಾ” ಅಂದ. ತಿಂಡಿ ತಿಂದ ಹೊಟ್ಟೆಗೆ ಯಾವ ಲೆಕ್ಕವೂ ಸುಲಭವಾಗಿಯೇ ಕಾಣುತ್ತದೆ. ಸಂಜೆಯೊಳಗೆ ಏಳು ಜನರ ಪಟ್ಟಿ ಆಯಿತು. ನಾನು, ನಮ್ಮನೆಯವರು, ಅಕ್ಕ, ಭಾವ, ಅವರ ಮಗ, ನನ್ನ ಜೊತೆ ಶಾಲೆಯಲ್ಲಿ ಗಣಿತ ಕಲಿಸುವ ಗೆಳತಿ, ಮತ್ತೆ 66 ವರ್ಷದ ನಮ್ಮ ಸೋದರಮಾವ.

ದಿನಾಂಕ ಹೊಂದಿಸುವುದೇ ಮೊದಲ ಜಗಳ. ಅಡಿಕೆ ತೋಟ ಇರುವ ಮನೆಯವರಿಗೆ ಬಿಡುವು ಅನ್ನುವುದು ಇಲ್ಲ. ಮಳೆಗಾಲದಲ್ಲಿ ಕೊಳೆಗೆ ಮದ್ದು ಹೊಡೆಯಬೇಕು. ದಸರಾ ಆಸುಪಾಸಿಗೆ ಕೊಯ್ಲು ಶುರುವಾದರೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವಾಗ ಸಂಕ್ರಾಂತಿ ಕಳೆದಿರುತ್ತದೆ. ನಮಗೆ ಟೀಚರುಗಳಿಗೆ ಏಪ್ರಿಲ್-ಮೇ ರಜೆ ಬಿಟ್ಟರೆ ಬೇರೆ ದಾರಿ ಇಲ್ಲ. ಎಲ್ಲ ಹಿಂಡಿ ನೋಡಿದಾಗ ಮೇ ತಿಂಗಳ ಎರಡು ವಾರ ಮಾತ್ರ ಉಳಿಯಿತು. ಅಲ್ಲಿಗೆ 780 ಕಿ.ಮೀ. ಕಥೆ ಮುಗಿಯಿತು ಅಂತ ನಾನಂದುಕೊಂಡೆ. ಹುಡುಗ ಬಿಡಲಿಲ್ಲ. 14 ದಿನಕ್ಕೆ 400 ಕಿ.ಮೀ. ಅಂತ ಹೊಸ ಲೆಕ್ಕ ತಂದ.

ಅವನನ್ನು ನೆಲಕ್ಕೆ ಇಳಿಸಿದ್ದು ಸರ್ರಿಯಾ ಎಂಬ ಊರಿನ ಒಬ್ಬ ಹೆಂಗಸು. ಅವನು ದಾರಿಯಲ್ಲಿನ ನಾಲ್ಕು ತಂಗುಮನೆಗಳಿಗೆ ಮೇಲ್ ಕಳಿಸಿದ್ದ, ಕಂಪ್ಯೂಟರ್ ಮಾಡಿಕೊಟ್ಟ ಸ್ಪ್ಯಾನಿಷ್‌ನಲ್ಲಿ. ಮೂರು ಕಡೆಯಿಂದ ರೇಟು ಬಂತು. ಈಕೆಯಿಂದ ಮಾತ್ರ ರೇಟು ಬರಲಿಲ್ಲ, ಪ್ರಶ್ನೆಗಳು ಬಂದವು. ಯಾರಿಗೆ ಎಷ್ಟು ವಯಸ್ಸು? ಚೀಲ ಹೊತ್ತು ಸತತ ಎರಡು ದಿನ ನಡೆದಿದ್ದೀರಾ? ಎರಡನೇ ದಿನ ಯಾರ ಮಂಡಿ ನೋಯಿತು? ಯಾರು ಗೊರಕೆ ಹೊಡೆಯುತ್ತೀರಿ? ಏನು ತಿನ್ನುವುದಿಲ್ಲ? ಚಳಿಮಳೆಯಲ್ಲಿ ನಡೆದು ಗೊತ್ತಿದೆಯಾ? ಇಳಿಜಾರು ಕಷ್ಟವೋ ಏರು ಕಷ್ಟವೋ? ಹೀಗೆ ಹನ್ನೊಂದು ಪ್ರಶ್ನೆ. ನಮ್ಮ ಮನೆಯಲ್ಲಿ ಆಕೆಗೆ ಅವತ್ತೇ ‘ಸರ್ರಿಯಾ ಅಮ್ಮ’ ಅಂತ ಹೆಸರು ಬಿತ್ತು.

ಉತ್ತರ ಬರೆಯಬೇಕಾದರೆ ಮೊದಲು ನಡೆದು ನೋಡಬೇಕಲ್ಲ. ಅಕ್ಟೋಬರ್ ಕೊನೆಯ ಒಂದು ಶನಿವಾರ, ಒಬ್ಬೊಬ್ಬರ ಚೀಲಕ್ಕೂ 6 ಕೆ.ಜಿ. ಅಕ್ಕಿ ತುಂಬಿಕೊಂಡು ಕವಲೇದುರ್ಗಕ್ಕೆ ಹೋದೆವು. ಕೋಟೆ ಹತ್ತಿಳಿದು, ಸುತ್ತಿನ ಹಳ್ಳಿಗಳ ದಾರಿ ಹಿಡಿದು ಒಟ್ಟು 18 ಕಿ.ಮೀ. ಹುಲ್ಲು ಇನ್ನೂ ಒದ್ದೆ, ಉಂಬಳ ಕಾಲು ತುಂಬ. ಅವತ್ತು ಎಲ್ಲರೂ ಶೂರರೇ. ಮರುದಿನ ಕುಂದಾದ್ರಿ. ಅರ್ಧ ದಾರಿಯಲ್ಲಿ ನಮ್ಮನೆಯವರು ಮೋರಿಕಟ್ಟೆ ಮೇಲೆ ಕೂತವರು ಏಳಲಿಲ್ಲ. ಅಕ್ಕನಿಗೆ ಹೊಸ ಶೂ ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿದ್ದ ಮಾವ ಮಾತ್ರ ಬೆಟ್ಟದ ತುದಿಗೆ ಹೋಗಿ, ಬಸದಿ ಪಕ್ಕದ ಕೊಳದಲ್ಲಿ ಮುಖ ತೊಳೆದು, ನಮಗಿಂತ ಮೊದಲೇ ಕೆಳಗಿಳಿದು ಕಾಯುತ್ತಿದ್ದರು.

ನಡೆದದ್ದನ್ನು ಇದ್ದ ಹಾಗೇ ಬರೆದು ಕಳಿಸಿದೆವು. ಮಾನ ಹೋಗುತ್ತದೆ ಅಂತ ಹುಡುಗ ಒಂದೆರಡು ಸಾಲು ಅಳಿಸಹೊರಟಿದ್ದ, ನಾನು ಬಿಡಲಿಲ್ಲ. ನಾಲ್ಕನೇ ದಿನ ಉತ್ತರ ಬಂತು. ನನ್ನ ಮನೆ ಬಾಗಿಲಿನಿಂದಲೇ ನಡೆಯಲು ಶುರುಮಾಡಿ, ಸಂತಿಯಾಗೊ ಇಲ್ಲಿಂದ 115 ಕಿ.ಮೀ. ಎಲ್ಲರೂ 5 ದಿನಕ್ಕೆ ಮುಗಿಸುತ್ತಾರೆ, ನೀವು 7 ದಿನ ಇಟ್ಟುಕೊಳ್ಳಿ. ಪ್ರಮಾಣಪತ್ರಕ್ಕೆ ಕೊನೆಯ 100 ಕಿ.ಮೀ. ನಡೆದರೆ ಸಾಕು. ಶನಿವಾರ-ಭಾನುವಾರ ಇಲ್ಲಿಂದ ಹೊರಡುವವರು ಜಾಸ್ತಿ, ನೀವು ಬುಧವಾರ ಹೊರಡಿ. ಆಮೇಲೆ ಒಂದು ಸಾಲು: ಆ ಚಪ್ಪಲಿಯ ಹಿರಿಯರು ಚಪ್ಪಲಿಯಲ್ಲೇ ನಡೆಯಲಿ, ಆದರೆ ಮಳೆಗೆ ಒಂದು ಜೊತೆ ಶೂ ಇರಲಿ.

ಹೋಗುವವರಿಗೆ ಇಲ್ಲೇ ಒಂದು ಮಾತು. ಅಲ್ಲಿಯ ಜನರನ್ನು “ಏನೇನು ನೋಡಬೇಕು” ಅಂತ ಕೇಳಬೇಡಿ. ಅದು ಎಲ್ಲ ಕಡೆ ಸಿಗುತ್ತದೆ. ನಿಮ್ಮ ಕಾಲಿನ ಸಂಗತಿ ಹೇಳಿ, ಹೊಟ್ಟೆಯ ಸಂಗತಿ ಹೇಳಿ, ಎಷ್ಟು ದುಡ್ಡಿದೆ ಹೇಳಿ. ಆಮೇಲೆ ಅವರು ಹೇಳುವುದನ್ನು ಕೇಳಿ.

ಇನ್ನು ಕಾಗದಪತ್ರ. ಏಳರಲ್ಲಿ ನಾಲ್ವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಹೋಗುವುದು ತಪ್ಪಿತು. ಶುಲ್ಕ 1,500 ರೂಪಾಯಿ. ಮಾವನ ಅರ್ಜಿಯಲ್ಲಿ ಹುಟ್ಟಿದ ಊರಿನ ಕಾಲಂ ಬಂದಾಗ ತೊಡಕಾಯಿತು. ಅವರು ಹುಟ್ಟಿದ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅವರಿಗೆ ಐದು ವರ್ಷ. ಸುಮ್ನೆ ಸಾಗರ ಅಂತ ಬರೆದುಬಿಡಿ ಅಂದೆವು. ಅವರು ಒಪ್ಪಲಿಲ್ಲ. “ಹುಟ್ಟಿದ್ದು ಅಲ್ಲಿ, ಬರೆಯುವುದು ಇಲ್ಲಿ ಅಂದ್ರೆ ಎಂತ ಕೂಸೇ ಅದು?” ಕೌಂಟರಿನ ಹುಡುಗಿ, ಇದು ಎಲ್ಲಿ ಬರುತ್ತೆ ಸಾರ್ ಅಂತ ಕೇಳಿದಳು. “ನೀರಿನಡಿಗೆ” ಅಂದರು. ಅವಳು ಒಂದು ಕ್ಷಣ ಅವರ ಮುಖ ನೋಡಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದ ಹೆಸರನ್ನೇ ಹಾಕಿಕೊಟ್ಟಳು.

ಹೆಸರಿನದ್ದು ಇನ್ನೊಂದು ತಾಪತ್ರಯ. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಆಧಾರ್‌ನಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ಅದರ ವಿಸ್ತರಣೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಭಾವನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ವಿಮಾನದ ಟಿಕೆಟ್ ಮಾಡುವಾಗ ಆ ಜಾಗ ತುಂಬದೆ ಮುಂದೆ ಹೋಗಲೇ ಇಲ್ಲ. ಕೊನೆಗೆ ಒಂದೇ ಹೆಸರನ್ನು ಎರಡು ಸಲ ಹಾಕಿದೆವು. ವಿಮಾನ ನಿಲ್ದಾಣದಲ್ಲಿ ಅದನ್ನು ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದೊಂದು ವಿಮಾನ ಕಂಪನಿಯ ಪದ್ಧತಿ ಒಂದೊಂದು ಥರ. ಟಿಕೆಟ್ ಮಾಡುವ ಮೊದಲೇ ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರಾದರೆ ಇನಿಷಿಯಲ್ ಬಿಡಿಸಿ ಎರಡು ಹೆಸರು ಬರುವ ಹಾಗೆ ಮಾಡಿಸಿಕೊಳ್ಳುವುದು ವಾಸಿ.

ನಮ್ಮಂಥ ಸರ್ಕಾರಿ ನೌಕರರು ಸ್ವಂತ ಖರ್ಚಿನಲ್ಲಿ ರಜೆಯಲ್ಲಿ ಹೋದರೂ ಇಲಾಖೆಯ ಅನುಮತಿ ಬೇಕು. ನಾನು ಡಿಸೆಂಬರ್‌ನಲ್ಲೇ ಅರ್ಜಿ ಕೊಟ್ಟೆ. ಒಂದು ಲಗತ್ತು ಬಿಟ್ಟುಹೋಗಿದ್ದಕ್ಕೆ ಕಡತ ವಾಪಸ್ ಬಂತು. ಮತ್ತೆ ಕೊಟ್ಟು ಕೈಗೆ ಸಿಗಲು 41 ದಿನ. ಮೇ ಪ್ರಯಾಣಕ್ಕೆ ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟರಾಯಿತು ಅಂದುಕೊಂಡಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ.

ವೀಸಾಕ್ಕೆ ಪ್ರಯಾಣದ ದಿನಕ್ಕಿಂತ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ಸ್ಪೇನ್ ಷೆಂಗೆನ್ ಗುಂಪಿನ ದೇಶ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು), ಅಲ್ಲಿ 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ಸಿಗದಿದ್ದರೆ ಯಾವುದೂ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಚಿಕಿತ್ಸೆಗೆ ಆಗುವ ವಿಮೆ ಬೇಕು. ಹೋಗಿಬರುವ ಟಿಕೆಟ್ಟಿನ ಬುಕಿಂಗ್, ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಎಂಬ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ರಜೆ ಪತ್ರ, ಯಾಕೆ ಹೋಗುತ್ತೀರಿ ಎಂಬ ಒಂದು ಕಾಗದ. ನೌಕರರಿಗೆ ಇದು ಸಲೀಸು. ಭಾವನಂಥ ಕೃಷಿಕರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅವರು ಪಹಣಿ, ಮೂರು ವರ್ಷದ ಅಡಿಕೆ ಮಾರಿದ ಪಟ್ಟಿಗಳು, ಸೊಸೈಟಿಯ ಪಾಸ್ ಪುಸ್ತಕ ಎಲ್ಲ ಜೋಡಿಸಿದರು. ಕನ್ನಡದ ಪ್ರತಿಯೊಂದು ಕಾಗದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿದೆವು. ಪಹಣಿಯ ‘ಖುಷ್ಕಿ’, ‘ತರಿ’, ‘ಬಾಗಾಯ್ತು’ ಇವನ್ನೆಲ್ಲ ಇಂಗ್ಲಿಷ್ ಮಾಡುವಷ್ಟರಲ್ಲಿ ನೋಟರಿ ಆಫೀಸಿನ ಟೈಪಿಸ್ಟ್ ಎರಡು ಕಾಫಿ ಕುಡಿದ.

ಉಳಿಯುವ ದಾಖಲೆಯೇ ದೊಡ್ಡ ತಲೆನೋವು ಅಂದುಕೊಂಡಿದ್ದೆವು. ಒಂಬತ್ತು ಊರು, ಹನ್ನೊಂದು ರಾತ್ರಿ, ಏಳು ಜನ. ಅದನ್ನು ಸರ್ರಿಯಾ ಅಮ್ಮ ಬಗೆಹರಿಸಿದರು. ಮುಂದಿನ ಊರುಗಳ ತಂಗುಮನೆಯವರಿಗೆ ತಾವೇ ಫೋನ್ ಮಾಡಿ, ನಮ್ಮ ಏಳೂ ಜನರ ಹೆಸರು ಮತ್ತು ಪಾಸ್‌ಪೋರ್ಟ್ ನಂಬರ್ ಇರುವ ಕಾಗದ ತರಿಸಿ ಕಳಿಸಿದರು. ಒಂದು ಪೈಸೆ ಮುಂಗಡ ಕೇಳಲಿಲ್ಲ. ಇದಕ್ಕೆ ನಾವು ಕೊಟ್ಟದ್ದು ಒಂದು ಮಾತು ಅಷ್ಟೇ, ಬರುವುದಿಲ್ಲವಾದರೆ ಹತ್ತು ದಿನ ಮೊದಲೇ ಹೇಳುತ್ತೇವೆ ಅಂತ.

ಮಾರ್ಚ್ ಎರಡನೇ ವಾರ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್. ಏಳು ಜನರಿಗೆ ಒಂದೇ ದಿನ ಸಿಗಲು ಹದಿನೆಂಟು ದಿನ ಬೆಳಿಗ್ಗೆ-ರಾತ್ರಿ ಕಂಪ್ಯೂಟರ್ ಮುಂದೆ ಕೂತಿದ್ದೆವು. ಒಬ್ಬ ಏಜೆಂಟ್ ತಲೆಗೆ ಮೂರು ಸಾವಿರ ಕೊಟ್ಟರೆ ನಾಳೆಯೇ ಕೊಡಿಸುತ್ತೇನೆ ಅಂದ. ಕೊಡಲಿಲ್ಲ. ರಾತ್ರಿ ಬಸ್ಸಿಗೆ ಹೊರಟು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಒಂಬತ್ತಕ್ಕೆ ಸಾಲಿನಲ್ಲಿ ನಿಂತೆವು. ಒಳಗೆ ಬೆರಳಚ್ಚು ತೆಗೆಯುವಾಗ ಭಾವನ ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ಜೀವಮಾನವಿಡೀ ಹಾರೆ-ಗುದ್ದಲಿ ಹಿಡಿದು, ಅಡಿಕೆ ಸುಲಿದು ರೇಖೆಗಳೇ ಸವೆದಿವೆ. ಚೊಗರಿನ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಜ್ಜಿ, ಆರನೇ ಸಲಕ್ಕೆ ಹತ್ತಿತು. ಕೃಷಿ ಕೆಲಸದವರು ಒಂದು ವಾರ ಮೊದಲಿನಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಆಮೇಲೆ ಕಾಯುವುದು. ನಿಯಮದ ಪ್ರಕಾರ 15 ದಿನ, ಬೇಕಾದರೆ 45 ದಿನದವರೆಗೆ ಎಳೆಯಬಹುದು. ನಮಗೆ 19ನೇ ದಿನ ಕೊರಿಯರ್ ಬಂತು. ಏಳು ಲಕೋಟೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿದೆವು. ಆರರಲ್ಲಿ ವೀಸಾ ಇತ್ತು. ಅಕ್ಕನ ಮಗನ ಪಾಸ್‌ಪೋರ್ಟಿನಲ್ಲಿ ಇರಲಿಲ್ಲ. ಜೊತೆಗೆ ಒಂದು ಕಾಗದ ಇತ್ತು, ಅದರಲ್ಲಿ ಒಂದು ಚೌಕಕ್ಕೆ ಗುರುತು. ಅವಧಿ ಮುಗಿದ ಮೇಲೆ ವಾಪಸ್ ಹೋಗುತ್ತಾನೆ ಎಂಬ ನಂಬಿಕೆ ಬರಲಿಲ್ಲ ಅಂತ.

ತಪ್ಪು ನಮ್ಮದೇ. ಅವನಿಗೆ 24 ವರ್ಷ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಅವನ ಖಾತೆಯಲ್ಲಿ ದುಡ್ಡು ಕಾಣಲಿ ಅಂತ ಭಾವ ಅರ್ಜಿಗೆ ಎರಡು ವಾರ ಮೊದಲು ಮೂರು ಲಕ್ಷ ಹಾಕಿದ್ದರು. ಅದು ಎಲ್ಲಿಂದ ಬಂತು ಅಂತ ಒಂದು ಸಾಲು ಬರೆದಿರಲಿಲ್ಲ. ಅದರ ಬದಲು ಅಪ್ಪನೇ ಖರ್ಚು ನೋಡಿಕೊಳ್ಳುತ್ತಾನೆ ಎಂಬ ಪತ್ರ, ಅಪ್ಪನ ಖಾತೆಯ ವಿವರ ಇಟ್ಟಿದ್ದರೆ ನೇರವಾಗಿ ಇರುತ್ತಿತ್ತು. ಇಟ್ಟಿದ್ದರೆ ಸಿಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ದಿಢೀರ್ ಅಂತ ಬಂದ ದುಡ್ಡು ಯಾರಿಗಾದರೂ ಅನುಮಾನ ಹುಟ್ಟಿಸುತ್ತದೆ, ಅಲ್ವಾ?

ಅವತ್ತು ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಇಡೀ ಯೋಜನೆ ಅವನದು. ಮೇಲ್ ಬರೆದವನು ಅವನು, ಖರ್ಚಿನ ಪಟ್ಟಿ ಇಟ್ಟವನು ಅವನು. ಅಕ್ಕ ತಾನೂ ಬರುವುದಿಲ್ಲ ಅಂದಳು. ಇವನು ಎದ್ದುಹೋಗಿ, ಹತ್ತು ನಿಮಿಷ ಬಿಟ್ಟು ಬಂದು, “ಅಮ್ಮ, ನಿನ್ನ ಚೀಲ 7 ಕೆ.ಜಿ. ಇದೆ, 5ಕ್ಕೆ ಇಳಿಸು” ಅಂದ. ಆಮೇಲೆ ಹೊರಡುವ ದಿನದವರೆಗೂ ಅವನೇ ಎಲ್ಲರ ಚೀಲ ತೂಗಿದ್ದು. ಮೇಲ್ಮನವಿಗೆ ಅವಕಾಶ ಇತ್ತು, ನಮಗೆ ಸಮಯ ಇರಲಿಲ್ಲ. ಟಿಕೆಟ್ ಮೊದಲೇ ದುಡ್ಡು ಕೊಟ್ಟು ಖರೀದಿಸಿದ್ದರಿಂದ ಅವನದ್ದರಲ್ಲಿ 31,000 ರೂಪಾಯಿ ಮುಳುಗಿತು. ವೀಸಾ ಬರುವವರೆಗೆ ಬುಕಿಂಗ್ ಮಾತ್ರ ತೋರಿಸಿದರೆ ಸಾಕಾಗುತ್ತದೆ. ಅದು ನಮಗೆ ಗೊತ್ತಿತ್ತು. ರೇಟು ಏರುತ್ತದೆ ಅಂತ ಆಸೆಗೆ ಬಿದ್ದೆವು.

ಚೀಲ ಕಟ್ಟುವಾಗ ಇನ್ನೊಂದು ಪಾಠ. ಹಾಲಿನ ಪದಾರ್ಥ ಮತ್ತು ಮಾಂಸ ಹೊರಗಿನಿಂದ ಯೂರೋಪಿಗೆ ಒಯ್ಯುವಂತಿಲ್ಲ. ಅಂದರೆ ತುಪ್ಪವೂ ಇಲ್ಲ, ಪೇಡವೂ ಇಲ್ಲ. ಅಕ್ಕ ಕಾಸಿ ತುಂಬಿಸಿದ್ದ ಎರಡು ಬಾಟಲಿ ತುಪ್ಪ ಬೆಂಗಳೂರಿನ ನೆಂಟರ ಮನೆಯಲ್ಲೇ ಉಳಿಯಿತು. ಅವಲಕ್ಕಿ, ಚಟ್ನಿಪುಡಿ, ನಾಲ್ಕು ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿ ಹೋಯಿತು. ಸರ್ರಿಯಾ ಅಮ್ಮನ ಮಾತಿನ ಮೇಲೆ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆಯನ್ನೂ ಹಾಕಿಕೊಂಡೆವು. ಗಲೀಸಿಯಾದ ಸರ್ಕಾರಿ ತಂಗುಮನೆಗಳಲ್ಲಿ ಅಡುಗೆಮನೆ ಇರುತ್ತದೆ, ಒಲೆ ಇರುತ್ತದೆ, ಪಾತ್ರೆ ಮಾತ್ರ ಇರುವುದಿಲ್ಲವಂತೆ. ನಂಬಲಿಲ್ಲ. ದಾರಿಯಲ್ಲಿನ ವೆಂತಾಸ್ ದೆ ನರೋನ್ ಎಂಬ ಹಳ್ಳಿ ಬಿಟ್ಟ ದಿನ ಜೋರು ಮಳೆಗೆ ಅಂಥ ಒಂದು ಕಡೆ ಒಳಹೊಕ್ಕೆವು. ಫಳಫಳ ಹೊಳೆಯುವ ಒಲೆ, ಕಪಾಟು ಖಾಲಿ. ಹೊರಗೆ ಕೂತಿದ್ದ ಇಬ್ಬರು ಕೊರಿಯಾದ ಹುಡುಗಿಯರು ನಮ್ಮ ಪಾತ್ರೆಯನ್ನೇ ಎರವಲು ಕೇಳಿದರು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಕೊಲ್ಲಿ ದೇಶದ ಮೂಲಕ ಮ್ಯಾಡ್ರಿಡ್, ಒಂದು ರಾತ್ರಿ ನಿದ್ದೆ, ಚಮಾರ್ತಿನ್ ನಿಲ್ದಾಣದಿಂದ ರೈಲು, ದಾರಿಯಲ್ಲಿ ಬದಲಿಸಿ ಸರ್ರಿಯಾ. ಬಾಗಿಲು ತೆರೆದ ಸರ್ರಿಯಾ ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಏಪ್ರನ್ ಕಟ್ಟಿದ್ದರು. ಮೊದಲು ನೋಡಿದ್ದು ಮಾವನ ಕಾಲು. ಆಮೇಲೆ ತಲೆ ಎಣಿಸಿ, ಆರು ಬೆರಳು ತೋರಿಸಿ, ಪ್ರಶ್ನೆಯ ಮುಖ ಮಾಡಿದರು. ಮೊಬೈಲಿನಲ್ಲಿ ಬರೆದು ತೋರಿಸಿದೆವು. ಓದಿ, ಒಳಗೆ ಹೋಗಿ, ಅವನ ಹೆಸರಿನಲ್ಲೂ ಒಂದು ಕ್ರೆದೆನ್ಸಿಯಲ್ ತಂದು ಮೇಜಿನ ಮೇಲಿಟ್ಟರು.

ಕ್ರೆದೆನ್ಸಿಯಲ್ ಅಂದರೆ ಯಾತ್ರಿಕರ ಪುಸ್ತಿಕೆ, ಎರಡು-ಮೂರು ಯೂರೋ. ರಾತ್ರಿ ತಂಗಿದ ಕಡೆ, ಕಾಫಿ ಕುಡಿದ ಕಡೆ, ಚರ್ಚಿನಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು. ಕೊನೆಯ 100 ಕಿ.ಮೀ.ನಲ್ಲಿ ದಿನಕ್ಕೆ ಎರಡು ಮುದ್ರೆ ಕಡ್ಡಾಯ. ದಾರಿ ತಪ್ಪುವ ಭಯ ಬೇಡ. ಗೋಡೆ, ಮರ, ಕಲ್ಲು, ಎಲ್ಲೆಂದರಲ್ಲಿ ಹಳದಿ ಬಾಣ. 1980ರ ದಶಕದಲ್ಲಿ ಓ ಸೆಬ್ರೇರೊ ಎಂಬ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ ಡಬ್ಬಿ ಬಣ್ಣ ಹಿಡಿದು ಬಾಣ ಬರೆಯಲು ಶುರುಮಾಡಿದರಂತೆ. ಜೊತೆಗೆ ಕಿ.ಮೀ. ಕಲ್ಲುಗಳಿವೆ. ಉಳಿದ ದೂರ ಮೂರು ದಶಮಾಂಶದವರೆಗೆ! ಗಣಿತದ ಗೆಳತಿ ಪ್ರತಿಯೊಂದನ್ನೂ ಕಳೆಯುತ್ತ ಬಂದಳು.

ಬುಧವಾರ ಬೆಳಿಗ್ಗೆ ಹೊರಟು ಒಂದು ಗಂಟೆಯಲ್ಲಿ ಅಕ್ಕ ಹೇಳಿದ್ದು, “ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತಾ? ನಮ್ಮ ಆರಗದ ಹತ್ತಿರದ ಹಾಗೇ ಇದೆ.” ನಿಜ. ಹಸಿರು ಗುಡ್ಡ, ಪಾಚಿ ಹಿಡಿದ ಕಲ್ಲುಕಟ್ಟಣೆ, ಕೊಟ್ಟಿಗೆಯ ವಾಸನೆ, ತೋಡು ದಾಟಲು ಕಲ್ಲಿನ ಸಂಕ. ಕಂಬದ ಮೇಲೆ ನಿಲ್ಲಿಸಿದ ಕಣಜಗಳು, ಅವಕ್ಕೆ ಓರ್ರೆಯೊ ಅನ್ನುತ್ತಾರೆ. ಇಲಿ ಹತ್ತದ ಹಾಗೆ ಪ್ರತಿ ಕಂಬದ ತಲೆಗೆ ಒಂದು ಚಪ್ಪಟೆ ಕಲ್ಲು. ಭಾವ ಅಂಥದ್ದು ಕಂಡಲ್ಲೆಲ್ಲ ನಿಂತು ಫೋಟೋ ತೆಗೆದರು. ಮುಂದೆ ಮುಂದೆ ಬರೀ ನೀಲಗಿರಿ ತೋಪು. ಅದೂ ನಮ್ಮ ಹಾಗೇ, ಹಳೇ ಕಾಡು ಹೋದ ಜಾಗದಲ್ಲಿ. ಭಾಷೆಯೂ ಎರಡು. ದೇಶಕ್ಕೆ ಸ್ಪ್ಯಾನಿಷ್, ಮನೆಯಲ್ಲಿ ಗಲೇಗೊ. ಊರಿನ ಬೋರ್ಡೆಲ್ಲ ಗಲೇಗೊದಲ್ಲೇ ಇವೆ.

ಮಳೆ ವಿಷಯದಲ್ಲಿ ನಮಗೆ ಜಂಬ ಇತ್ತು. ಸಂತಿಯಾಗೊದಲ್ಲಿ ವರ್ಷಕ್ಕೆ 1,800 ಮಿ.ಮೀ. ಹತ್ತಿರ, ನಮ್ಮ ಆಗುಂಬೆಗೆ 7,600 ಆಸುಪಾಸು. ಅವರ ಜೋರು ಮಳೆ ನಮ್ಮ ಜಿಟಿಜಿಟಿ ಅಂತ ನಕ್ಕಿದ್ದೆವು. ಎರಡನೇ ದಿನ ಗೊತ್ತಾಯಿತು. ಮಳೆ ಸಣ್ಣದೇ, ಆದರೆ ಗಾಳಿ ಇದೆ, ಚಳಿ 9 ಡಿಗ್ರಿ. ಬೆರಳು ಮರಗಟ್ಟಿ ಶೂ ದಾರ ಕಟ್ಟಲು ಆಗಲಿಲ್ಲ. ಕಂಬಳಿಕೊಪ್ಪೆ ಇದ್ದಿದ್ದರೆ ಬೆಚ್ಚಗಿರುತ್ತಿತ್ತು. ಕೊಡೆ ಕೆಲಸಕ್ಕೆ ಬಾರದು. ಚೀಲದ ಸಮೇತ ಮುಚ್ಚುವ ರೈನ್‌ಕೋಟು, ಉಣ್ಣೆಯ ಕೈಗವಸು ಬೇಕು, ಮೇ ಆದರೂ.

ಮೊದಲ ದಿನದ 22 ಕಿ.ಮೀ. ಮುಗಿಯುವುದು ಪೋರ್ತೊಮರೀನ್‌ನಲ್ಲಿ. ಮೀನ್ಯೊ ನದಿಯ ಹಿನ್ನೀರಿಗೆ ಎತ್ತರದ ಸೇತುವೆ, ದಾಟಿದ ಕೂಡಲೇ ಕಡಿದಾದ ಮೆಟ್ಟಿಲು. ದಣಿದ ಕಾಲಿಗೆ ಆ ಮೆಟ್ಟಿಲು ಕಂಡು ನಾನು ಬೈದುಕೊಂಡೆ. ಮೇಲೆ ತಂಗುಮನೆಯವನು ಕಥೆ ಹೇಳಿದ. ಆ ಮೆಟ್ಟಿಲು ಹಳೇ ಸೇತುವೆಯ ತುಂಡು. 1960ರ ದಶಕದಲ್ಲಿ ಬೆಲೆಸಾರ್ ಅಣೆಕಟ್ಟು ಕಟ್ಟಿದಾಗ ಹಳೇ ಊರು ಪೂರ್ತಿ ಮುಳುಗಿತು. ಚರ್ಚನ್ನು ಕಲ್ಲು ಕಲ್ಲು ಬಿಚ್ಚಿ, ನಂಬರ್ ಹಾಕಿ, ಗುಡ್ಡದ ಮೇಲೆ ತಂದು ಮತ್ತೆ ಕಟ್ಟಿದರು. ಬೇಸಿಗೆ ಕಳೆದು ನೀರು ಇಳಿದಾಗ ಹಳೇ ಗೋಡೆಗಳು ಮೇಲೆ ಕಾಣುತ್ತವೆ.

ಅನುವಾದ ಮಾಡಿ ಹೇಳುತ್ತಿದ್ದ ನಾನು ಅರ್ಧಕ್ಕೆ ನಿಲ್ಲಿಸಿ ಮಾವನ ಕಡೆ ನೋಡಿದೆ. ಅವರು ಆಗಲೇ ಎದ್ದಿದ್ದರು. ಚರ್ಚಿನ ಗೋಡೆಯ ಹತ್ತಿರ ಹೋಗಿ, ಕಲ್ಲಿನ ಮೇಲೆ ಇನ್ನೂ ಉಳಿದಿರುವ ನಂಬರುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದರು. ನಮ್ಮ ಅಜ್ಜಿಮನೆ ಊರಿನಿಂದ ದೇವರ ಮೂರ್ತಿಯನ್ನು ಮಾತ್ರ ತಲೆ ಮೇಲೆ ಹೊತ್ತು ತಂದಿದ್ದರಂತೆ, ಗುಡಿ ಅಲ್ಲೇ ಉಳಿಯಿತು. ನಮ್ಮಲ್ಲೂ ಬೇಸಿಗೆಗೆ ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಮಾವ ಒಂದು ಸಲವೂ ಹೋದವರಲ್ಲ. ಅವತ್ತು ಕತ್ತಲಾಗುವವರೆಗೆ ಆ ಹಿನ್ನೀರಿನ ದಂಡೆಯಲ್ಲಿ ಕೂತಿದ್ದರು. ಅಲ್ಲಿ ಕತ್ತಲಾಗುವುದು ರಾತ್ರಿ ಹತ್ತಕ್ಕೆ.

ಊಟದ ಬಗ್ಗೆ ತುಂಬ ಜನ ಕೇಳಿದ್ದಾರೆ. ಸಸ್ಯಾಹಾರಿ ಅಂದರೆ ಸಾಲದು. ಹಂದಿ ಮಾಂಸದ ಚೂರು, ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ ಅನ್ನುವ ಹಾಗಿರುತ್ತದೆ. ಸಲಾಡಿನಲ್ಲಿ ಟ್ಯೂನಾ ಮೀನು ಬರುತ್ತದೆ. ಅಲ್ಲಿಯ ಪ್ರಸಿದ್ಧ ಸೊಪ್ಪು-ಆಲೂಗಡ್ಡೆ ಸಾರು ನೋಡಲು ನಮ್ಮದೇ, ಆದರೆ ಒಗ್ಗರಣೆಗೆ ಹಂದಿ ಕೊಬ್ಬು. ಸರ್ರಿಯಾ ಅಮ್ಮ ಒಂದು ಚೀಟಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದುಕೊಟ್ಟಿದ್ದರು: ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ, ಕೊಬ್ಬು ಬೇಡ. ಅದನ್ನು ಪ್ಲಾಸ್ಟಿಕ್ ಹಾಕಿಸಿ ಎಲ್ಲ ಕಡೆ ತೋರಿಸಿದೆವು. ಹುರಿದ ಪದ್ರೋನ್ ಮೆಣಸಿನಕಾಯಿ, ಬ್ರೆಡ್ಡು, ಅರ್ಸೂವಾ ಊರಿನ ಚೀಸ್, ಮೊಟ್ಟೆ ತಿನ್ನುವವರಿಗೆ ತೋರ್ತಿಯಾ ಎಂಬ ಆಲೂಗಡ್ಡೆ ಆಮ್ಲೆಟ್ ಸಿಗುತ್ತದೆ. ಮೆಲಿದೆ ಊರು ಆಕ್ಟೋಪಸ್‌ಗೆ ಹೆಸರುವಾಸಿ, ಅಲ್ಲಿ ನಾವು ಅವಲಕ್ಕಿಗೆ ಉಪ್ಪಿನಕಾಯಿ ಕಲೆಸಿಕೊಂಡು ತಿಂದೆವು. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಮುಚ್ಚಿರುತ್ತದೆ, ಭಾನುವಾರ ಬಹುತೇಕ ಇಲ್ಲವೇ ಇಲ್ಲ. ರಾತ್ರಿ ಊಟ ಎಂಟೂವರೆ ಮೇಲೆ. ಬೆಳಿಗ್ಗೆಗೆ ಬೇಕಾದ್ದನ್ನು ಹಿಂದಿನ ದಿನವೇ ತಂದಿಡಿ.

ಮಂಡಿನೋವಿನವರು ಚೀಲ ಹೊರಬೇಕಿಲ್ಲ. ಅಲ್ಲಿಯ ಅಂಚೆ ಇಲಾಖೆ ಕೊರೆಯೋಸ್ ಒಂದು ತಂಗುಮನೆಯಿಂದ ಇನ್ನೊಂದಕ್ಕೆ ಚೀಲ ಮುಟ್ಟಿಸುತ್ತದೆ, ಒಂದು ಹಂತಕ್ಕೆ 5 ಯೂರೋ ಆಸುಪಾಸು. ನಮ್ಮನೆಯವರು ಮೂರನೇ ದಿನದಿಂದ ಅದನ್ನೇ ಮಾಡಿದರು. ಆದರೆ ಹೀಗೆ ಕಳಿಸಿದ ಚೀಲವನ್ನು ಸರ್ಕಾರಿ ತಂಗುಮನೆಯವರು ತೆಗೆದುಕೊಳ್ಳುವುದಿಲ್ಲ, ಖಾಸಗಿಯವೇ ಆಗಬೇಕು. ಕಾಲಿನ ಬೊಕ್ಕೆಗೆ ಅಲ್ಲಿಯವರು ಬೆಳಿಗ್ಗೆ ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿ ಅಂದರು. ಮಾವ ಹರಳೆಣ್ಣೆ ಹಚ್ಚಿದರು. ಎರಡೂ ಕೆಲಸ ಮಾಡಿತು. ಶೂ ಒಂದು ನಂಬರ್ ದೊಡ್ಡದಿರಲಿ, ಹೊರಡುವ ಮೊದಲು ಅದರಲ್ಲಿ 100 ಕಿ.ಮೀ.ಯಾದರೂ ನಡೆದಿರಲಿ. ನಾವು ತುಂಗಾ ನಾಲೆ ದಂಡೆಯ ಮೇಲೆ ಬೆಳಗಾಗೆದ್ದು ನಡೆದದ್ದು ಅದಕ್ಕೇ.

ಏಳನೇ ದಿನ ಮಧ್ಯಾಹ್ನ ಸಂತಿಯಾಗೊದ ಚರ್ಚಿನ ಮುಂದಿನ ಬಯಲಿಗೆ ಬಂದೆವು. ಎಲ್ಲರೂ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದ್ದಾರೆ, ನಾವೂ ಮಲಗಿದೆವು. ಯಾತ್ರಿಕರ ಕಚೇರಿಯಲ್ಲಿ ಮೊದಲೇ ಮೊಬೈಲಿನಲ್ಲಿ ನೋಂದಾಯಿಸಿಕೊಂಡರೆ ಸಾಲು ಬೇಗ ಸಾಗುತ್ತದೆ. ಪ್ರಮಾಣಪತ್ರ ಉಚಿತ, ಎಷ್ಟು ಕಿ.ಮೀ. ಅಂತ ಬರೆದ ಇನ್ನೊಂದಕ್ಕೆ 3 ಯೂರೋ. ಅರ್ಜಿಯಲ್ಲಿ ಯಾಕೆ ನಡೆದಿರಿ ಎಂಬ ಪ್ರಶ್ನೆ ಇದೆ. ನಾವೆಲ್ಲ ಯೋಚಿಸುತ್ತ ನಿಂತಿದ್ದಾಗ ಮಾವ ಆಗಲೇ ತುಂಬಿ ಕೊಟ್ಟು ಬಂದಿದ್ದರು. ಯಾವುದಕ್ಕೆ ಗುರುತು ಹಾಕಿದರೋ, ಹೇಳಲಿಲ್ಲ.

ಖರ್ಚು: ಒಬ್ಬರಿಗೆ ವಿಮಾನ 58,000. ವೀಸಾ, ಸೇವಾಶುಲ್ಕ, ವಿಮೆ ಸೇರಿ 13,000. ಅಲ್ಲಿ ಉಳಿಯಲು, ತಿನ್ನಲು, ರೈಲಿಗೆ 700 ಯೂರೋ. ಶೂ, ರೈನ್‌ಕೋಟು, ಬೆಂಗಳೂರಿನ ಓಡಾಟವೂ ಸೇರಿ ಒಬ್ಬರಿಗೆ ಒಟ್ಟು 1 ಲಕ್ಷ 60 ಸಾವಿರದ ಹತ್ತಿರ. ಸಾಮಾನ್ಯ ಬ್ಯಾಂಕ್ ಕಾರ್ಡ್ ಉಜ್ಜಿದರೆ ಪ್ರತಿ ಸಲ ಮೂರೂವರೆ ಪರ್ಸೆಂಟ್ ಹೋಗುತ್ತದೆ, ಮೊದಲೇ ಯೂರೋ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಮಾಡಿಸಿ. ಹಳ್ಳಿ ಕಾಫಿ ಅಂಗಡಿಗೆ ಚಿಲ್ಲರೆ ಇರಲಿ. 2027ರಲ್ಲಿ ಹೋಗುವ ಯೋಚನೆ ಇದ್ದರೆ ಉಳಿಯುವ ಜಾಗ ತುಂಬ ಮೊದಲೇ ಹಿಡಿಯಿರಿ. ಯಾಕೋಬನ ಹಬ್ಬ ಜುಲೈ 25, ಅದು ಭಾನುವಾರ ಬಿದ್ದ ವರ್ಷ ಅವರಿಗೆ ಪವಿತ್ರ ವರ್ಷ, ಜಾತ್ರೆಯಂತೆ ಜನ ಸೇರುತ್ತಾರೆ.

ಸ್ಟೇಷನ್ನಿಗೆ ಅಕ್ಕನ ಮಗ ಓಮ್ನಿ ತಂದಿದ್ದ. ಮುದ್ರೆಯಿಲ್ಲದ ಅವನ ಪುಸ್ತಿಕೆಯನ್ನು ಕೊಟ್ಟೆ. ತಿರುವಿ ನೋಡಿ ಜೇಬಿಗೆ ಹಾಕಿಕೊಂಡು, “ಮಾವಜ್ಜನ ಚಪ್ಪಲಿ ಎಷ್ಟು ಸವೆದಿದೆ?” ಅಂತ ಕೇಳಿದ.

ನಮ್ಮ ಮನೆಯಲ್ಲಿ ಈಗ ಆರು ರೈನ್‌ಕೋಟು, ಒಂದು ಪ್ಲಾಸ್ಟಿಕ್ ಹಾಕಿಸಿದ ಸ್ಪ್ಯಾನಿಷ್ ಚೀಟಿ, ಒಂದು ಅಲ್ಯೂಮಿನಿಯಂ ಪಾತ್ರೆ ಇದೆ. ಹೋಗುವವರು ಬಂದು ಒಯ್ಯಬಹುದು. ಪಾತ್ರೆ ಮಾತ್ರ ವಾಪಸ್ ತಂದುಕೊಡಿ, ಅದು ಅಕ್ಕನದು.